ಕಣ್ಣಿನ ಚಿಕಿತ್ಸೆಗೆ ವಿಮೆ: ಐದು ಲಕ್ಷದ ಕಾರ್ಡಿನೊಳಗಿನ ಸಣ್ಣ ಸಾಲುಗಳು

ನಮ್ಮ ಕಲಬುರಗಿ ಕಡೆ ಕನ್ನಡಕವನ್ನು ಚಾಳೀಸು ಎನ್ನುವ ಹಿರಿಯರು ಈಗಲೂ ಇದ್ದಾರೆ. ಚಾಳೀಸ್ ಎಂದರೆ ನಲವತ್ತು. ನಲವತ್ತು ತುಂಬಿದ ಮೇಲೆ ಮೂಗಿಗೇರುವ ವಸ್ತುವಾದ್ದರಿಂದ ಆ ಹೆಸರು. ಕಣ್ಣಿನ ವಿಮೆಯ ಲೆಕ್ಕವನ್ನು ಈ ಚಾಳೀಸಿನಿಂದಲೇ ಶುರು ಮಾಡಬೇಕು, ಏಕೆಂದರೆ ವಿಮೆ ಎಲ್ಲಕ್ಕಿಂತ ಮೊದಲು ಕೈಬಿಡುವುದು ಅದನ್ನೇ. ಕಣ್ಣು ತೋರಿಸಿದ ಫೀಸು, ನಂಬರ್ ಪರೀಕ್ಷೆ, ಚೌಕಟ್ಟು, ಗಾಜು, ತಿಂಗಳು ತಿಂಗಳು ಹಾಕುವ ಹನಿ ಔಷಧ, ಇವೆಲ್ಲ ಹೊರರೋಗಿ ಖರ್ಚು. ಹೊರರೋಗಿ ಖರ್ಚನ್ನೂ ಕೊಡುತ್ತೇವೆಂದು ಪಾಲಿಸಿಯಲ್ಲಿ ಬರೆದಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಈ ಹಣ ನಮ್ಮ ಜೇಬಿನದೇ. ವಿಮೆ ಬಾಯಿ ತೆರೆಯುವುದು ಆಪರೇಷನ್ ಎಂಬ ಪದ ಬಂದ ಮೇಲೆ.

ಮೂರು ವರ್ಷ ಕಂತು ಕಟ್ಟಿದ ಮೇಲೆ ಅವ್ವನ ಬಲಗಣ್ಣಿನ ಮೋತಿಬಿಂದು, ಅಂದರೆ ಕಣ್ಣಿನ ಪೊರೆ (ಕ್ಯಾಟರಾಕ್ಟ್), ತೆಗೆಸಲು ಊರಿನ ಒಂದು ಖಾಸಗಿ ಆಸ್ಪತ್ರೆಗೆ ಹೋದೆ. ಪಾಲಿಸಿ ಮೂರು ಲಕ್ಷದ್ದು, ಬಿಲ್ಲು 56,000 ರೂಪಾಯಿ. ಮೂರು ಲಕ್ಷದಲ್ಲಿ ಐವತ್ತಾರು ಸಾವಿರ ಯಾವ ಲೆಕ್ಕ ಎಂದುಕೊಂಡು ಖಾಲಿ ಕೈಯಲ್ಲಿ ಹೋದವನಿಗೆ, ಕಂಪನಿ ಕೊಡುವುದು 38,000 ಮಾತ್ರ, ಉಳಿದ 18,000 ಕಟ್ಟಿ ಎಂದರು. ಕೌಂಟರಿನ ಹುಡುಗನ ಮೇಲೆ ರೇಗಿದೆ. ಅವನು ನನ್ನದೇ ಪಾಲಿಸಿಯ ಪುಟವೊಂದನ್ನು ತೆಗೆದು, ಬೆರಳಿಟ್ಟು ತೋರಿಸಿದ. ಸಾಲು ಅಲ್ಲೇ ಇತ್ತು, ಮೂರು ವರ್ಷದಿಂದಲೂ. ಕೆಳಗಿರುವುದೆಲ್ಲ ಆ 18,000 ರೂಪಾಯಿಗೆ ಕಲಿತ ಪಾಠ. ನಾನು ಏಜೆಂಟನೂ ಅಲ್ಲ, ಡಾಕ್ಟರನೂ ಅಲ್ಲ.

ಮೊದಲ ಹೆಜ್ಜೆ: ರೋಗದ ಹೆಸರನ್ನು ಬರೆಸಿಕೊಳ್ಳಿ

"ಕಣ್ಣು ಮಂಜಾಗಿದೆ" ಎಂಬುದು ರೋಗದ ಹೆಸರಲ್ಲ. ಮಂಜಿಗೆ ಮೋತಿಬಿಂದು ಕಾರಣವಿರಬಹುದು, ಸಕ್ಕರೆ ಕಾಯಿಲೆಯಿಂದ ರೆಟಿನಾ (ಕಣ್ಣಿನ ಹಿಂಬದಿಯ ಪರದೆ) ಕೆಟ್ಟಿರಬಹುದು, ಗ್ಲಾಕೋಮಾ (ಕಣ್ಣಿನ ನರ ಕೆಡಿಸುವ ಕಾಯಿಲೆ) ಇರಬಹುದು, ಬರೀ ನಂಬರ್ ಏರಿರಬಹುದು. ವಿಮೆಯ ಮಟ್ಟಿಗೆ ಈ ನಾಲ್ಕೂ ನಾಲ್ಕು ಬೇರೆ ಬೇರೆ ದಾರಿ. ಆದ್ದರಿಂದ ಡಾಕ್ಟರ ಮುಂದಿನಿಂದ ಏಳುವ ಮೊದಲು ಎರಡು ಸಂಗತಿಯನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ: ಯಾವ ಕಣ್ಣಿಗೆ ಏನಾಗಿದೆ, ಮತ್ತು ಮುಂದೆ ಮಾಡಬೇಕಾದದ್ದು ಔಷಧವೋ, ಲೇಸರೋ, ಇಂಜೆಕ್ಷನ್ನೋ, ಆಪರೇಷನ್ನೋ.

ಮೋತಿಬಿಂದು, ಗ್ಲಾಕೋಮಾದ ಶಸ್ತ್ರಚಿಕಿತ್ಸೆ, ಬಿಸಿಲು ದೂಳಿನಲ್ಲಿ ದುಡಿದವರ ಕಣ್ಣಿನಲ್ಲಿ ಬೆಳೆಯುವ ದುರ್ಮಾಂಸ, ರೆಟಿನಾದ ಆಪರೇಷನ್, ಪೆಟ್ಟು ಬಿದ್ದ ಕಣ್ಣಿನ ದುರಸ್ತಿ, ಇವು ಸಾಮಾನ್ಯವಾಗಿ ವಿಮೆಯೊಳಗೆ ಬರುತ್ತವೆ. ಮೋತಿಬಿಂದುವಿನ ರೋಗಿ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುತ್ತಾನೆ. 24 ಗಂಟೆ ಹಾಸಿಗೆಯಲ್ಲಿ ಮಲಗಿರಲಿಲ್ಲ ಎಂದು ವಿಮೆ ತಪ್ಪುವುದಿಲ್ಲ. ಅದು ಡೇ ಕೇರ್ ಚಿಕಿತ್ಸೆಯ ಪಟ್ಟಿಯಲ್ಲಿದೆ. ಮಲಗಿಸಿಕೊಂಡರೆ ಮಾತ್ರ ದುಡ್ಡು ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಚಾಳೀಸು ಬಿಡಿಸುವ ಲೇಸರ್ ಚಿಕಿತ್ಸೆ ಬೇರೆ ಕತೆ. ದೃಷ್ಟಿದೋಷ 7.5 ಡಯಾಪ್ಟರಿಗಿಂತ (ಚಾಳೀಸಿನ ನಂಬರಿನ ಅಳತೆ ಇದು) ಕಡಿಮೆಯಿದ್ದರೆ ಅದನ್ನು ಸರಿಪಡಿಸುವ ಖರ್ಚು ಕೊಡುವುದಿಲ್ಲವೆಂಬ ನಿಯಮ ಎಲ್ಲ ಕಂಪನಿಗಳಿಗೂ ಒಂದೇ ಮಾತಿನಲ್ಲಿದೆ. ಮದುವೆಗೆ ಮುಂಚೆ ಮಗಳ ಚಾಳೀಸು ತೆಗೆಸಬೇಕೆನ್ನುವವರು ನಂಬರು ಮೂರೋ ನಾಲ್ಕೋ ಇದ್ದರೆ ವಿಮೆಯ ಆಸೆ ಬಿಟ್ಟು ಉಳಿತಾಯ ನೋಡಿಕೊಳ್ಳುವುದು ಒಳ್ಳೆಯದು.

ಡಾಕ್ಟರ ಮುಂದೆ ನಾವಾಡುವ ಮಾತಿನ ಬಗ್ಗೆಯೂ ಒಂದು ಎಚ್ಚರಿಕೆ. "ಎಷ್ಟು ದಿನದಿಂದ ಹೀಗಿದೆ ಯಜಮಾನರೇ" ಎಂದು ಕೇಳಿದರೆ ನಮ್ಮ ಹಿರಿಯರು "ಐದಾರು ವರ್ಷದಿಂದ ಹೀಗೇ ಇದೆ ಸಾಹೇಬರೇ" ಎಂದುಬಿಡುತ್ತಾರೆ. ಅವರ ಬಾಯಲ್ಲಿ ಐದಾರು ವರ್ಷವೆಂದರೆ 'ಬಹಳ ದಿನ' ಎಂದರ್ಥ. ಅದೇ ಮಾತು ಕಾಗದದ ಮೇಲೆ ಇಳಿದಾಗ, ಪಾಲಿಸಿ ಕೊಳ್ಳುವ ಮೊದಲೇ ರೋಗವಿತ್ತು ಎನ್ನಲು ಕಂಪನಿಗೆ ಸಿಕ್ಕ ಸಾಕ್ಷಿ. ಸುಳ್ಳು ಹೇಳಿ ಎನ್ನುತ್ತಿಲ್ಲ. ಜೊತೆಯಲ್ಲಿ ಹೋದವರು ನಿಜವಾದ ತಿಂಗಳನ್ನು ನೆನಪು ಮಾಡಿಕೊಟ್ಟು, ಅದನ್ನೇ ಬರೆಸಲಿ.

ಎರಡನೇ ಹೆಜ್ಜೆ: ಮನೆಯ ಟ್ರಂಕು ತೆಗೆದು ಯಾವ ಕಾರ್ಡು ಇದೆ ನೋಡಿ

ಖಾಸಗಿ ಪಾಲಿಸಿಗೆ ಓಡುವ ಮೊದಲು ಇದನ್ನು ಮಾಡಬೇಕು. ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗಳ ಬಹಳ ಮನೆಗಳಲ್ಲಿ ಒಂದಲ್ಲ ಒಂದು ರಕ್ಷಣೆ ಈಗಾಗಲೇ ಇರುತ್ತದೆ. ಇದೆಯೆಂದು ತಿಳಿದಿರುವುದಿಲ್ಲ, ಅಷ್ಟೇ.

ಬಿಪಿಎಲ್ ಅಥವಾ ಅಂತ್ಯೋದಯ ಪಡಿತರ ಚೀಟಿ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬವಾದರೆ ಪ್ಯಾಕೇಜ್ ದರದ ಶೇ. 30 ಭಾಗವನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದವರೆಗೆ; ಉಳಿದ ಶೇ. 70 ನಮ್ಮದು. ಈ ಯೋಜನೆ ರಾಜ್ಯದಲ್ಲಿ ನಡೆಯುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ. ಖಾಸಗಿ ಪಾಲಿಸಿಯ ಹಾಗೆ ಇಲ್ಲಿ ಎರಡು ವರ್ಷ ಕಾಯಬೇಕೆಂಬ ಷರತ್ತಿಲ್ಲ. ಮೊದಲಿಂದಲೂ ಇದ್ದ ರೋಗ ಎಂಬ ತಕರಾರೂ ಇಲ್ಲ. ಬಡವರ ಕಾರ್ಡು ಎಂದು ಮೂಗು ಮುರಿಯುವವರು ಈ ಎರಡು ಮಾತನ್ನು ಗಮನಿಸಬೇಕು.

ಷರತ್ತು ಇರುವುದು ದಾರಿಯಲ್ಲಿ. ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಕಾರ್ಡು ತೋರಿಸಿದರೆ ಆಗದು. ಮೊದಲು ಸರ್ಕಾರಿ ಆಸ್ಪತ್ರೆ. ಚಿಕಿತ್ಸೆ ಅಲ್ಲೇ ಸಿಗುವುದಾದರೆ ಅಲ್ಲೇ ಆಗಬೇಕು. ಸಿಗದಿದ್ದರೆ ಅವರು ರೆಫರಲ್ ಬರೆದುಕೊಡುತ್ತಾರೆ, ಆ ಚೀಟಿ ಹಿಡಿದು ಯೋಜನೆಯಲ್ಲಿ ನೋಂದಾಯಿಸಿದ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಸ್ಥಿತಿಗೆ ಮಾತ್ರ ರೆಫರಲ್ ಬೇಡ. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್, ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳೇ. ಸುರಪುರ, ಭಾಲ್ಕಿ, ಸೇಡಂ ಕಡೆಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಯಾವ ದಿನ ಇರುತ್ತಾರೆಂದು ಕೇಳಿಕೊಂಡರೆ ಒಂದು ದಿನದ ಬಸ್ ಚಾರ್ಜು, ಕೂಲಿ ಎರಡೂ ಉಳಿಯುತ್ತವೆ.

ಆಸ್ಪತ್ರೆಯೊಳಗೆ ಹುಡುಕಬೇಕಾದ ಮನುಷ್ಯ ಆರೋಗ್ಯ ಮಿತ್ರ. ಕಾರ್ಡು, ರೆಫರಲ್, ಅನುಮತಿ ಇವೆಲ್ಲ ಅವರ ಮೇಜಿನ ಮೇಲೆಯೇ ಸಾಗುವುದು. ಜೊತೆಯಲ್ಲಿ ಪಡಿತರ ಚೀಟಿ, ರೋಗಿಯ ಆಧಾರ್, ಆಧಾರಿಗೆ ಜೋಡಿಸಿದ ಸಿಮ್ ಇರುವ ಮೊಬೈಲು ಒಯ್ಯಿರಿ. ಹೊಲದಲ್ಲಿ ದುಡಿದು ಹೆಬ್ಬೆರಳ ಗೆರೆಗಳೇ ಸವೆದುಹೋದ ಹಿರಿಯರಿಗೆ ಬೆರಳಚ್ಚು ಹತ್ತುವುದಿಲ್ಲ. ಆಗ ಒಟಿಪಿ ಇಲ್ಲವೇ ಮುಖ ಗುರುತಿನ ದಾರಿ ಹಿಡಿಯಬೇಕು, ಒಟಿಪಿ ಬರುವ ಮೊಬೈಲು ಪುಣೆಗೆ ದುಡಿಯಲು ಹೋದ ಮಗನ ಕೈಯಲ್ಲಿದ್ದರೆ ಮೊದಲೇ ಅವನಿಗೆ ಹೇಳಿಟ್ಟಿರಿ. ಪಡಿತರ ಚೀಟಿಯಲ್ಲಿ ಶರಣಪ್ಪ, ಆಧಾರಿನಲ್ಲಿ ಶರಣಬಸಪ್ಪ ಎಂದಿದ್ದರೆ ಆಪರೇಷನ್ ದಿನಕ್ಕಿಂತ ಮುಂಚೆಯೇ ಸರಿಮಾಡಿಸಿ. ಕಾರ್ಡು ಮಾಡಿಸಲು ಗ್ರಾಮ ಒನ್ ಕೇಂದ್ರ ಸಾಕು.

ಬಿಪಿಎಲ್ ರೋಗಿಯ ಪ್ಯಾಕೇಜಿನಲ್ಲಿ ಆಪರೇಷನ್, ಕಣ್ಣಿನೊಳಗೆ ಕೂರಿಸುವ ಲೆನ್ಸು, ಔಷಧ ಎಲ್ಲ ಸೇರಿರುತ್ತವೆ. "ಯೋಜನೆಯ ಲೆನ್ಸು ಸಾಧಾರಣ, ಇಷ್ಟು ಸಾವಿರ ಕೊಟ್ಟರೆ ಒಳ್ಳೆಯದು ಹಾಕುತ್ತೇವೆ" ಎಂದು ಯಾರಾದರೂ ಕಿವಿಯಲ್ಲಿ ಹೇಳಿದರೆ ಸುಮ್ಮನಿರಬೇಡಿ. ಮೊದಲು ಆರೋಗ್ಯ ಮಿತ್ರರಿಗೆ ಹೇಳಿ, ಆಮೇಲೆ 1800 425 8330 ಅಥವಾ 14555ಕ್ಕೆ ಕರೆ ಮಾಡಿ. ಎರಡೂ ಶುಲ್ಕವಿಲ್ಲದ ಸಂಖ್ಯೆಗಳು. ಸೊಲ್ಲಾಪುರ, ಹೈದರಾಬಾದು ಹತ್ತಿರವೆಂದು ಗಡಿ ದಾಟುವ ರೂಢಿ ನಮಗಿದೆ. ಈ ಕಾರ್ಡಿನ ಮೇಲೆ ಹೋಗುವುದಾದರೆ ಆ ಆಸ್ಪತ್ರೆ ನಿಮ್ಮ ಕಾರ್ಡನ್ನು ಒಪ್ಪುತ್ತದೆಯೇ ಎಂದು ಬಸ್ ಹತ್ತುವ ಮೊದಲು ಕೇಳಿ.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಹುಟ್ಟಿ, 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಜೀವ ಪಡೆದ ಯೋಜನೆ ಇದು. ಮರುಜಾರಿಯಾದಾಗ ಗ್ರಾಮೀಣ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವರ್ಷದ ವಂತಿಗೆ 500 ರೂಪಾಯಿ, ನಗರದವರಿಗೆ 1,000. ಚಿಕಿತ್ಸೆಯ ಮಿತಿ 5 ಲಕ್ಷ. ಇದರ ನೋಂದಣಿಗೆ ಪ್ರತಿ ವರ್ಷ ಕೊನೆಯ ದಿನವಿರುತ್ತದೆ. ಸೊಸೈಟಿಯ ಕಾರ್ಯದರ್ಶಿಯನ್ನು ಗೊಬ್ಬರ ಕೊಳ್ಳಲು ಹೋದಾಗಲೇ ಕೇಳಿ. ದಿನಾಂಕ ದಾಟಿದ ಮೇಲೆ ಕಣ್ಣು ನೋಯಿತೆಂದು ಹೋದರೆ ಅವರಿಂದಲೂ ಏನೂ ಆಗದು.

ಸಿಮೆಂಟ್ ಕಾರ್ಖಾನೆ, ದಾಲ್ ಮಿಲ್ಲು, ಅಂಗಡಿ, ಖಾಸಗಿ ಶಾಲೆ ಎಲ್ಲಿಯಾದರೂ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿದ್ದು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ ನಿಮ್ಮ ಜೊತೆ ಅವಲಂಬಿತರಿಗೂ ಚಿಕಿತ್ಸೆಯಿದೆ. ಸಂಬಳದಿಂದ ಹೋಗುವುದು ಶೇ. 0.75 ಮಾತ್ರ, ಮಾಲೀಕರು ಕಟ್ಟುವುದು ಶೇ. 3.25. ಕಲಬುರಗಿಯ ಸೇಡಂ ರಸ್ತೆಯಲ್ಲಿ ಇಎಸ್‌ಐ ನಿಗಮದ ವೈದ್ಯಕೀಯ ಕಾಲೇಜು ಆಸ್ಪತ್ರೆಯೇ ಇದೆ. ಇಲ್ಲಿ ಬಹಳ ಜನರಿಗೆ ತಿಳಿಯದ ಒಂದು ಸಂಗತಿಯಿದೆ: ಕನಿಷ್ಠ ಐದು ವರ್ಷ ಇಎಸ್‌ಐ ಕಟ್ಟಿ ವಯಸ್ಸಾಗಿ ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ತಮ್ಮ ಗಂಡ ಅಥವಾ ಹೆಂಡತಿಗೂ ಚಿಕಿತ್ಸೆ ಮುಂದುವರಿಸಬಹುದು. ಮೋತಿಬಿಂದು ಬರುವುದೇ ನಿವೃತ್ತಿಯ ಮೇಲೆ. ಶಹಾಬಾದ್, ವಾಡಿಯಲ್ಲಿ ಮೂವತ್ತು ವರ್ಷ ಸಿಮೆಂಟು ಹೊತ್ತವರು ಈ 120 ರೂಪಾಯಿಯ ಸುದ್ದಿ ತಿಳಿಯದೆ ಸಾಲ ಮಾಡಿ ಕಣ್ಣು ಮಾಡಿಸಿಕೊಳ್ಳಬೇಕಾಗಿಲ್ಲ.

ಸರ್ಕಾರಿ ನೌಕರರಿಗೆ ಒಂದೇ ಮಾತು. ಹಳೆಯ ಜ್ಯೋತಿ ಸಂಜೀವಿನಿಯಲ್ಲಿದ್ದದ್ದು ಹೃದಯ, ಕ್ಯಾನ್ಸರ್ ಮುಂತಾದ ಏಳು ವಿಭಾಗ ಮಾತ್ರ, ಕಣ್ಣು ಅದರಲ್ಲಿರಲಿಲ್ಲ. ಈಗಿನ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆ ಸರ್ಕಾರಿ ನೌಕರರದ್ದು. ಆರೋಗ್ಯ ಸಂಜೀವನಿ ಎಂಬುದು ಎಲ್ಲ ಕಂಪನಿಗಳೂ ಮಾರುವ ಪಾಲಿಸಿ. ಹೆಸರು ಒಂದೇ ಥರ ಇರುವುದರಿಂದ ಕೌಂಟರಿನಲ್ಲಿ ಗೊಂದಲವಾಗುವುದುಂಟು, ಯಾವುದೆಂದು ಬಿಡಿಸಿ ಹೇಳಿ.

ಮಕ್ಕಳಿಗೆ ವಿಮೆಯ ಮಾತೇ ಬೇಡ. ಹುಟ್ಟಿನಿಂದ 18 ವರ್ಷದವರೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೂ ಶಾಲೆಗೂ ಬರುತ್ತದೆ. ಹುಟ್ಟು ಮೋತಿಬಿಂದು, ದೃಷ್ಟಿದೋಷ, ದಿನ ತುಂಬದೆ ಹುಟ್ಟಿದ ಕೂಸಿನ ರೆಟಿನಾದ ತೊಂದರೆ ಎಲ್ಲ ಅವರ ಪಟ್ಟಿಯಲ್ಲಿವೆ. ಮನೆ ಬಾಗಿಲಿಗೆ ಬಂದು ಕಣ್ಣು ನೋಡಿ ಪುಕ್ಕಟೆ ಕನ್ನಡಕ ಕೊಡುವ ರಾಜ್ಯದ ಆಶಾಕಿರಣ ಯೋಜನೆಗೆ ಮೊದಲ ಹಂತದಲ್ಲಿ ಆಯ್ದ ಜಿಲ್ಲೆಗಳಲ್ಲಿ ಕಲಬುರಗಿಯೂ ಒಂದು. ಚಾಳೀಸು ಬೇಕಾದವರು ಆಶಾ ಕಾರ್ಯಕರ್ತೆಯನ್ನು ಒಮ್ಮೆ ಕೇಳಿ.

ಮೂರನೇ ಹೆಜ್ಜೆ: ಖಾಸಗಿ ಪಾಲಿಸಿಯಲ್ಲಿ ಮೋತಿಬಿಂದುವಿನ ಸಾಲನ್ನು ಹುಡುಕಿ

ಪಾಲಿಸಿಯ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಮೂರು ಲಕ್ಷ, ಐದು ಲಕ್ಷ ಎಂದಿರುತ್ತದೆ. ಕಣ್ಣಿನ ಮಟ್ಟಿಗೆ ಆ ಅಂಕಿಗೆ ಬಹಳ ಅರ್ಥವಿಲ್ಲ. ಒಳಗಿನ ಪುಟಗಳಲ್ಲಿ ಕ್ಯಾಟರಾಕ್ಟ್ ಎಂಬ ಪದ ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ. ಸಾಮಾನ್ಯವಾಗಿ ಎರಡು ಕಡೆ ಸಿಗುತ್ತದೆ. ಒಂದು ಕಾಯುವ ಅವಧಿಯಲ್ಲಿ, ಇನ್ನೊಂದು ಮಿತಿಯಲ್ಲಿ.

ಆರೋಗ್ಯ ಸಂಜೀವನಿ ಪಾಲಿಸಿಯನ್ನೇ ಉದಾಹರಣೆಗೆ ಹಿಡಿಯುತ್ತೇನೆ. 2020ರ ಏಪ್ರಿಲಿನಿಂದ ಎಲ್ಲ ಕಂಪನಿಗಳೂ ಒಂದೇ ಷರತ್ತುಗಳ ಮೇಲೆ ಮಾರುತ್ತಿರುವ ಪಾಲಿಸಿ ಅದು, ಅವ್ವನದೂ ಅದೇ. ಮೋತಿಬಿಂದು ಮತ್ತು ವಯಸ್ಸಿಗೆ ಸಂಬಂಧಿಸಿದ ಕಣ್ಣಿನ ಕಾಯಿಲೆಗಳಿಗೆ ಅದರಲ್ಲಿ 24 ತಿಂಗಳ ಕಾಯುವ ಅವಧಿ. ಪಾಲಿಸಿ ಕೊಂಡ ಮಾರನೆಯ ತಿಂಗಳು ಮೋತಿಬಿಂದು ಕಂಡರೆ ಎರಡು ವರ್ಷ ತಡೆಯಬೇಕು. ಮಿತಿ ಹೀಗಿದೆ: ಒಂದು ಕಣ್ಣಿಗೆ, ಒಂದು ಪಾಲಿಸಿ ವರ್ಷದಲ್ಲಿ, ವಿಮಾ ಮೊತ್ತದ ಶೇ. 25 ಅಥವಾ 40,000 ರೂಪಾಯಿ, ಎರಡರಲ್ಲಿ ಕಡಿಮೆಯದು. ಅದರ ಮೇಲೆ ಶೇ. 5 ನಮ್ಮ ಪಾಲು.

ಲೆಕ್ಕ ಹಾಕಿ ನೋಡಿ. ಒಂದು ಲಕ್ಷದ ಪಾಲಿಸಿಗೆ ಕಾಲು ಭಾಗವೆಂದರೆ 25,000. ಒಂದೂವರೆ ಲಕ್ಷಕ್ಕೆ 37,500. ಎರಡು ಲಕ್ಷಕ್ಕೆ 50,000 ಆಗಬೇಕಿತ್ತು, ಆದರೆ 40,000ಕ್ಕೆ ನಿಲ್ಲುತ್ತದೆ. ಅಲ್ಲಿಂದ ಮೇಲೆ ಮೂರು, ಐದು, ಹತ್ತು ಲಕ್ಷದ್ದು ಕೊಂಡರೂ ಮೋತಿಬಿಂದುವಿಗೆ ಸಿಗುವುದು ಅದೇ 40,000. ಅವ್ವನ 40,000ದಲ್ಲಿ ಶೇ. 5, ಅಂದರೆ 2,000 ಕಳೆದು 38,000 ಬಂದದ್ದು ಹೀಗೆ. ಬೇರೆ ಪಾಲಿಸಿಗಳಲ್ಲಿ ಅಂಕಿಗಳು ಬೇರೆ ಇರುತ್ತವೆ, ಕೆಲವದರಲ್ಲಿ ಮಿತಿಯೇ ಇರುವುದಿಲ್ಲ. ಆದರೆ ನೋಡಬೇಕಾದ ಜಾಗ ಇದೇ. ಮಿತಿ ಕಣ್ಣೊಂದಕ್ಕೋ ಎರಡೂ ಕಣ್ಣಿಗೆ ಸೇರಿಸಿಯೋ ಎಂಬುದನ್ನೂ ನೋಡಿ. ವರ್ಷಕ್ಕೆ ಎರಡೂ ಸೇರಿ ಇಷ್ಟು ಎಂದಿದ್ದು ನವೀಕರಣ ಹತ್ತಿರವಿದ್ದರೆ, ಡಾಕ್ಟರು ಒಪ್ಪಿದರೆ ಎರಡನೇ ಕಣ್ಣನ್ನು ನವೀಕರಣದ ನಂತರಕ್ಕೆ ಇಟ್ಟುಕೊಳ್ಳುವುದು ಜಾಣತನ.

ಕಾಯುವ ಅವಧಿ ಮುಗಿಯಲಿ ಎಂದು ಕಣ್ಣನ್ನು ಕಾಯಿಸುವುದು ಮಾತ್ರ ಜಾಣತನವಲ್ಲ. ಹುಮನಾಬಾದಿನಲ್ಲಿರುವ ನಮ್ಮ ಕಾಕಾ ಪಾಲಿಸಿ ಕೊಂಡು ಹದಿನಾಲ್ಕು ತಿಂಗಳಾಗಿತ್ತು. ಕಂಪನಿ ಆಗದೆಂದಿತು. "ಇನ್ನು ಹತ್ತು ತಿಂಗಳು ತಾನೆ, ತಡೆಯುತ್ತೇನೆ" ಎಂದರು. ಡಾಕ್ಟರು ಬೈದರು. ಮೋತಿಬಿಂದು ಅತಿಯಾಗಿ ಬಲಿತರೆ ಕಣ್ಣಿನೊಳಗಿನ ಒತ್ತಡ ಏರಿ ನರಕ್ಕೇ ಪೆಟ್ಟು ಬೀಳಬಹುದು, ಆಮೇಲೆ ಆಪರೇಷನ್ ಮಾಡಿದರೂ ಹೋದ ನೋಟ ಬಾರದು. ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಿದೆವು. ಈಗ ಪೇಪರು ಓದುತ್ತಾರೆ, ಪಾಲಿಸಿಯನ್ನೂ ಓದಿದ್ದಾರೆ.

ಪಾಲಿಸಿ ಕೊಳ್ಳುವಾಗಲೇ ಕಣ್ಣಿನಲ್ಲಿ ಪೊರೆ ಇದೆಯೆಂದು ಗೊತ್ತಿದ್ದರೆ ಅರ್ಜಿಯಲ್ಲಿ ಬರೆಯಿರಿ. "ಅದೆಲ್ಲ ಬರೆಯಬೇಡಿ, ಕಂತು ಹೆಚ್ಚಾಗುತ್ತದೆ" ಎನ್ನುವ ಏಜೆಂಟ್ ಕ್ಲೇಮಿನ ದಿನ ಫೋನ್ ಎತ್ತುವುದಿಲ್ಲ. ಮುಂಚಿನಿಂದ ಇದ್ದು, ಹೇಳಿಕೊಂಡ ರೋಗಕ್ಕೆ ಕಾಯುವ ಅವಧಿ ಈಗ ಗರಿಷ್ಠ 36 ತಿಂಗಳು. 2024ರ ಏಪ್ರಿಲಿಗೆ ಮೊದಲು 48 ಇತ್ತು. ಪಾಲಿಸಿ ಕೈಗೆ ಬಂದ ಮೇಲೆ ಓದಿ, ಹಿಡಿಸದಿದ್ದರೆ 30 ದಿನದೊಳಗೆ ಹಿಂದಿರುಗಿಸಬಹುದು. ಕಂಪನಿ ಬದಲಿಸುವುದಾದರೆ ನವೀಕರಣಕ್ಕೆ 45 ದಿನ ಮೊದಲೇ ಹೊಸ ಕಂಪನಿಗೆ ಪೋರ್ಟಿಂಗ್ ಅರ್ಜಿ ಕೊಡಿ. ಹಾಗೆ ಮಾಡಿದರೆ ಹಳೆಯ ಮೊತ್ತದ ಮಟ್ಟಿಗೆ ಈಗಾಗಲೇ ಕಾದ ತಿಂಗಳುಗಳು ಲೆಕ್ಕಕ್ಕೆ ಬರುತ್ತವೆ. ಹಳೆಯದನ್ನು ಬಿಟ್ಟು ಹೊಸದನ್ನೇ ಕೊಂಡರೆ ಎಣಿಕೆ ಮತ್ತೆ ಒಂದರಿಂದ.

ಸಕ್ಕರೆ ಕಾಯಿಲೆಯವರಿಗೆ ಬೇರೊಂದು ಸಾಲಿದೆ. ರೆಟಿನಾ ಊದಿಕೊಂಡಾಗ ಕಣ್ಣಿನೊಳಗೆ ಇಂಜೆಕ್ಷನ್ ಕೊಡುತ್ತಾರೆ, ಒಂದಕ್ಕೆ ಮುಗಿಯದೆ ತಿಂಗಳಿಗೊಮ್ಮೆ ಹಲವು ಬಾರಿ ಬೇಕಾಗುತ್ತದೆ. ಹತ್ತು ನಿಮಿಷದ ಕೆಲಸ, ಇದೆಂಥ ಆಪರೇಷನ್ ಎಂದು ಹಿಂದೆ ತಿರಸ್ಕರಿಸುತ್ತಿದ್ದರು. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಕಂಪನಿಗಳು ಹೊರಗಿಡಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿ ಕೊಟ್ಟಿತು, ಅದರಲ್ಲಿ ಈ ಕಣ್ಣಿನ ಇಂಜೆಕ್ಷನ್ನೂ ಇದೆ. ಮಿತಿ ಹಾಕಬಹುದು: ಆರೋಗ್ಯ ಸಂಜೀವನಿಯಲ್ಲಿ ಅದು ವಿಮಾ ಮೊತ್ತದ ಅರ್ಧ. ಇಲ್ಲಿ ಮಾತ್ರ ದೊಡ್ಡ ಪಾಲಿಸಿ ನಿಜಕ್ಕೂ ದೊಡ್ಡದು.

ಕಣ್ಣಿಗೆ ಪೆಟ್ಟು ಬಿದ್ದರೆ ಕಾಯುವ ಅವಧಿಯಿಲ್ಲ. ತೊಗರಿ ರಾಶಿಯ ದಿನಗಳಲ್ಲಿ ಒಣ ಕಡ್ಡಿ ಚುಚ್ಚಿ, ಹೊಟ್ಟು ಹಾರಿ ಕಣ್ಣು ಕೆಡಿಸಿಕೊಂಡವರನ್ನು ನಮ್ಮ ಕಡೆ ಪ್ರತಿ ಚಳಿಗಾಲವೂ ನೋಡುತ್ತೇವೆ. ಎದೆಹಾಲು ಹಿಂಡುವುದು, ಎಲೆಯ ರಸ ಬಿಡುವುದು, ಮೆಡಿಕಲ್ ಅಂಗಡಿಯವರು ಕೊಟ್ಟ ಯಾವುದೋ ಹನಿ ಹಾಕಿಕೊಳ್ಳುವುದು ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ, ಏನು, ಎಲ್ಲಿ, ಯಾವಾಗ ಬಡಿಯಿತು ಎಂದು ದಿನಾಂಕ ಸಮೇತ ಬರೆಸಿ. ಆ ಒಂದು ಸಾಲೇ ಅಪಘಾತಕ್ಕೆ ಆಧಾರ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮೇ ತಿಂಗಳ ಕೊನೆಗೆ 20 ರೂಪಾಯಿ ಕಡಿತವಾದದ್ದು ಕಂಡರೆ ನಿಮಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆ ಎಂದರ್ಥ: 18ರಿಂದ 70 ವಯಸ್ಸಿನವರಿಗೆ, ಅಪಘಾತದಲ್ಲಿ ಒಂದು ಕಣ್ಣಿನ ದೃಷ್ಟಿ ಮರಳದಂತೆ ಹೋದರೆ ಒಂದು ಲಕ್ಷ, ಎರಡೂ ಹೋದರೆ ಎರಡು ಲಕ್ಷ. ಅರ್ಜಿ ಕೊಡಬೇಕಾದದ್ದು ಅದೇ ಬ್ಯಾಂಕಿಗೆ, ತಿಂಗಳೊಳಗೆ.

ನಾಲ್ಕನೇ ಹೆಜ್ಜೆ: ಲೆನ್ಸಿನ ದರ ಕೇಳಿ, ಆಮೇಲೆ ದಿನಾಂಕ ಒಪ್ಪಿಕೊಳ್ಳಿ

ಮೋತಿಬಿಂದುವಿನ ಬಿಲ್ಲು ಏರುವುದು ಲೆನ್ಸಿನಿಂದ. ಒಂದು ದೂರಕ್ಕೆ ಮಾತ್ರ ಸರಿಹೊಂದುವ ಮೋನೋಫೋಕಲ್ ಲೆನ್ಸನ್ನು ವಿಮೆ ಒಪ್ಪುತ್ತದೆ. ಹತ್ತಿರ, ದೂರ ಎರಡಕ್ಕೂ ಆಗುವ ಮಲ್ಟಿಫೋಕಲ್ ಹಾಕಿಸಿದರೆ, ಅದು ಚಾಳೀಸು ತಪ್ಪಿಸುವ ಸೌಕರ್ಯವೆಂದು ಹೆಚ್ಚುವರಿ ದುಡ್ಡನ್ನು ಕಂಪನಿಗಳು ಸಾಮಾನ್ಯವಾಗಿ ಕೊಡುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಹೊಲ ಮನೆ ನೋಡಿಕೊಂಡಿರುವ ಅವ್ವನಂಥವರಿಗೆ ಮೋನೋಫೋಕಲ್ ಸಾಕು. ಅಕ್ಕಿ ಆರಿಸುವಾಗ ಒಂದು ಚಾಳೀಸು ಏರಿಸಿಕೊಂಡರೆ ಏನೂ ಕಳೆದುಹೋಗದು. ಆಸ್ಪತ್ರೆಯಿಂದ ಅಂದಾಜು ಪಟ್ಟಿಯನ್ನು ಬರಹದಲ್ಲಿ ಪಡೆಯಿರಿ. ಲೆನ್ಸು ಎಷ್ಟು, ಡಾಕ್ಟರ ಫೀಸು ಎಷ್ಟು, ಥಿಯೇಟರ್ ಎಷ್ಟು ಎಂದು ಬಿಡಿಬಿಡಿಯಾಗಿರಲಿ. ಕೈಗವಸು, ಟೋಪಿಯಂಥ ಸಣ್ಣಪುಟ್ಟ ಸಾಮಾನನ್ನು ಕಂಪನಿ ಹೊಡೆದುಹಾಕುತ್ತದೆ, ಅದಕ್ಕೊಂದಿಷ್ಟು ಕೈಯಲ್ಲಿರಲಿ.

ಐದನೇ ಹೆಜ್ಜೆ: ನಗದುರಹಿತವೋ, ಕಟ್ಟಿ ಪಡೆಯುವುದೋ

ಕಂಪನಿಯ ಜಾಲದಲ್ಲಿರುವ ಆಸ್ಪತ್ರೆಯಾದರೆ ಅಲ್ಲಿನ ವಿಮೆ ಮೇಜಿನಲ್ಲಿ ಪೂರ್ವಾನುಮತಿ ಅರ್ಜಿ ತುಂಬುತ್ತಾರೆ. 2024ರ ನಿಯಮದಂತೆ ನಗದುರಹಿತ ಅರ್ಜಿಗೆ ಕಂಪನಿ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು, ಬಿಡುಗಡೆಯ ಹೊತ್ತಿಗೆ ಅಂತಿಮ ಒಪ್ಪಿಗೆಗೆ ಮೂರು ಗಂಟೆ. ಜಾಲದ ಹೊರಗಿನ ಆಸ್ಪತ್ರೆಯಲ್ಲೂ ನಗದುರಹಿತ ಕೇಳಬಹುದು, ಆದರೆ ಮೊದಲೇ ಗೊತ್ತಿರುವ ಆಪರೇಷನ್ನಿಗೆ 48 ಗಂಟೆ ಮುಂಚೆ ಕಂಪನಿಗೆ ತಿಳಿಸಬೇಕು, ಆಸ್ಪತ್ರೆಯೂ ಒಪ್ಪಬೇಕು. ಸಕ್ಕರೆ ಮಟ್ಟ ಏರಿದೆಯೆಂದು ಡಾಕ್ಟರು ದಿನ ಮುಂದೂಡುವುದು ಸಾಮಾನ್ಯ. ಹಾಗಾದರೆ ಹಳೆಯ ಅನುಮತಿ ನಡೆಯುತ್ತದೆಯೇ ಎಂದು ಅದೇ ದಿನ ವಿಚಾರಿಸಿ.

ದುಡ್ಡು ಕಟ್ಟಿ ಆಮೇಲೆ ಪಡೆಯುವುದಾದರೆ ಕಾಗದಗಳೇ ಪ್ರಾಣ. ಬಿಡುಗಡೆ ಸಾರಾಂಶ, ಬಿಡಿಬಿಡಿಯಾದ ಬಿಲ್ಲು, ರಸೀದಿ, ಔಷಧದ ಚೀಟಿ, ಲೆನ್ಸಿನ ಅಳತೆಗೆ ಮಾಡಿದ ಎ-ಸ್ಕ್ಯಾನ್ ವರದಿ, ರದ್ದುಮಾಡಿದ ಚೆಕ್ಕು, ಆಧಾರ್. ಇವೆಲ್ಲ ಯಾರಿಗಾದರೂ ಹೊಳೆಯುತ್ತವೆ. ಹೊಳೆಯದೇ ಇರುವುದು ಲೆನ್ಸಿನ ಸ್ಟಿಕ್ಕರ್. ಲೆನ್ಸಿನ ಡಬ್ಬಿಯ ಮೇಲೆ ಅದರ ಕಂಪನಿ, ನಂಬರು, ಪವರು ಇರುವ ಸಣ್ಣ ಅಂಟುಚೀಟಿ ಇರುತ್ತದೆ; ಅದನ್ನು ಬಿಡುಗಡೆ ಸಾರಾಂಶಕ್ಕೆ ಅಂಟಿಸಿ ಕೊಡಬೇಕು. ಅದಿಲ್ಲವೆಂದು ಫೈಲು ತಿರುಗಿ ಬಂದರೆ ಡಬ್ಬಿ ಆ ಹೊತ್ತಿಗೆ ಕಸದಲ್ಲಿರುತ್ತದೆ. ಆಸ್ಪತ್ರೆಯಿಂದ ಹೊರಡುವ ಮೊದಲು ಇದೊಂದನ್ನು ಕಣ್ಣಾರೆ ನೋಡಿ. ಎಲ್ಲದರ ನಕಲು ಇಟ್ಟುಕೊಂಡು, ಅಸಲನ್ನು ಬಿಡುಗಡೆಯಾದ 30 ದಿನದೊಳಗೆ ಕಳುಹಿಸಿ ಸ್ವೀಕೃತಿ ಪಡೆಯಿರಿ.

ಆಪರೇಷನ್ನಿಗೆ 30 ದಿನ ಮೊದಲಿನ ಪರೀಕ್ಷೆ, 60 ದಿನ ನಂತರದ ಔಷಧ ಆರೋಗ್ಯ ಸಂಜೀವನಿಯೊಳಗೆ ಬರುತ್ತವೆ. ಹೊರರೋಗಿ ಖರ್ಚಿಗೆ ವಿಮೆ ಕಣ್ಣು ತೆರೆಯುವ ಕಿಟಕಿ ಇದೊಂದೇ. ಆದ್ದರಿಂದ ರಕ್ತ ಪರೀಕ್ಷೆ, ಇಸಿಜಿ, ಎ-ಸ್ಕ್ಯಾನ್ ಎಲ್ಲ ಆ 30 ದಿನದೊಳಗೇ ಆಗಲಿ. ಇವು 40,000ದ ಮಿತಿಯ ಒಳಗೋ ಹೊರಗೋ ಎಂದು ಕಂಪನಿಯಿಂದ ಇಮೇಲಿನಲ್ಲಿ ಕೇಳಿ ಪಡೆದಿಟ್ಟುಕೊಳ್ಳಿ.

ಆಗದು ಎಂದರೆ

ಬಾಯಿಮಾತಿನ 'ಆಗದು'ವನ್ನು ಒಪ್ಪಬೇಡಿ. ಪಾಲಿಸಿಯ ಯಾವ ಷರತ್ತಿನಂತೆ ಆಗದು ಎಂದು ಬರೆದುಕೊಡುವುದು ಅವರ ಹೊಣೆ. ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ದೂರು ಕೊಡಿ. ಜೊತೆಗೆ ಪ್ರಾಧಿಕಾರದ ಬಿಮಾ ಭರೋಸಾ ತಾಣದಲ್ಲಿ ಅಥವಾ 155255ಕ್ಕೆ ಕರೆ ಮಾಡಿ ನೋಂದಾಯಿಸಿ. ಕಂಪನಿ ತಿರಸ್ಕರಿಸಿದರೆ ಅಥವಾ ತಿಂಗಳಾದರೂ ಉತ್ತರಿಸದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮೆಯ ತಕರಾರು ಬಗೆಹರಿಸುವ ಅಧಿಕಾರಿ) ಕಚೇರಿಗೆ ಒಂದು ವರ್ಷದೊಳಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ, ವಿಚಾರಣೆ ವಿಡಿಯೋ ಮೂಲಕವೂ ಆಗಬಹುದಾದ್ದರಿಂದ ಬೆಂಗಳೂರಿಗೆ ರೈಲು ಹತ್ತಲೇಬೇಕೆಂದಿಲ್ಲ. ಮಿತಿ ಪಾಲಿಸಿಯಲ್ಲೇ ಸ್ಪಷ್ಟವಾಗಿದ್ದರೆ, ನನ್ನ 18,000ದ ಹಾಗೆ, ಅಲ್ಲಿಗೂ ಹೋಗಿ ಪ್ರಯೋಜನವಿಲ್ಲ. ಮಲಗಿಸಲಿಲ್ಲ ಎಂದು, ಇಂಜೆಕ್ಷನ್ ಆಪರೇಷನ್ ಅಲ್ಲ ಎಂದು, ಹೇಳಿಕೊಂಡ ರೋಗವನ್ನು ಮುಚ್ಚಿಟ್ಟಿರೆಂದು ತಿರಸ್ಕರಿಸಿದ್ದರೆ ಬಿಡಬೇಡಿ.

ಅವ್ವನ ಎಡಗಣ್ಣಿನ ಹೊತ್ತಿಗೆ ಇಷ್ಟೆಲ್ಲ ಗೊತ್ತಿತ್ತು. ಅಂದಾಜು ಪಟ್ಟಿ ಮೊದಲೇ ಪಡೆದು, ಮೋನೋಫೋಕಲ್ ಲೆನ್ಸಿನ ಪ್ಯಾಕೇಜ್ 41,000ಕ್ಕೆ ಒಪ್ಪಿಸಿ, 38,000 ಕಂಪನಿಯಿಂದ ಬಂತು, 3,000 ನಾನು ಕಟ್ಟಿದೆ. ಹನಿ ಔಷಧದ ಚೀಟಿಗಳನ್ನು ದೇವರ ಗೂಡಿನ ಪಕ್ಕದ ಮೊಳೆಗೆ ಚುಚ್ಚುತ್ತಾ ಬಂದೆವು, 60 ದಿನ ಮುಗಿದ ಮೇಲೆ 15 ದಿನದೊಳಗೆ ಕಳುಹಿಸಲು. ತಿಂಗಳ ನಂತರ ಕಣ್ಣು ಮಾಗಿದ ಮೇಲೆ ನಂಬರು ಬರೆದುಕೊಟ್ಟರು. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿಯಲ್ಲಿ ಅವ್ವ ಅರ್ಧ ಗಂಟೆ ಚೌಕಾಶಿ ಮಾಡಿ ಒಂದು ಚಾಳೀಸು ಕೊಂಡಳು. ಅಂಗಡಿಯವನು ಬಿಲ್ಲು ಕೊಡಲೇ ಅಂದ. ಬೇಡ, ಅದಕ್ಕೆ ಬದಲು ಇನ್ನೈವತ್ತು ಬಿಡು ಅಂದಳು.